ನಾಲ್ಕನೇ ಹಬೀಬ್

ನಾಲ್ಕನೇ ಭಾರ್ಗವ ಬಂದ ದಿನ ಮಧ್ಯಾಹ್ನ ನಾನು ಹಬೀಬ್ ಆದೆ. ಅದಕ್ಕೂ ಮುಂಚೆ ನನಗೊಂದು ಹೆಸರಿತ್ತು. ಹಾಸ್ಟೆಲ್ಲಿನ ಹಾಜರಿ ಪುಸ್ತಕದಲ್ಲಿ ಅದು ಈಗಲೂ ಇರಬಹುದು. ಇಲ್ಲಿ ಅದಕ್ಕೆ ಕೆಲಸವಿಲ್ಲ.

ನಮ್ಮೂರಿನ ಮಾಲಿನಲ್ಲಿ ಹೆಸರು ಅಂಗಡಿಗೆ ಸೇರಿದ್ದು. ಮುಖ ಮಾತ್ರ ಬರುತ್ತದೆ, ಹೋಗುತ್ತದೆ. ಐದನೇ ಮಹಡಿಯ ಟಾಕೀಸಿನಲ್ಲಿ ಗೂಢಚಾರ ಭಾರ್ಗವನ ಪಾತ್ರಕ್ಕೆ ಹೊಸ ನಟ ಬಂದ ದಿನ ಕೆಳಗಿನ ಅಂಗಡಿಗಳಿಗೂ ಹೊಸ ಮುಖಗಳು ಬರುತ್ತವೆ. ಮೊದಲ ಆಟದ ಇಂಟರ್ವಲ್ ಗಂಟೆ ಹೊಡೆದಾಗ ಶುರುವಾಗಿ, ಇಂಟರ್ವಲ್ ಮುಗಿಯುವ ಗಂಟೆಯೊಳಗೆ ಎಲ್ಲ ಆಗಬೇಕು. ಹಳೇ ಮುಖ ಕೌಂಟರಿನಿಂದ ಆಚೆ, ಹೊಸ ಮುಖ ಒಳಗೆ. ಹೆಸರಿನ ಜೊತೆಗೆ ಆ ಹೆಸರಿನ ಗಿರಾಕಿಗಳು, ಹಬ್ಬಗಳು, ಊಟಕ್ಕೆ ಕೂರುವ ಜಾಗ, ಕಾಯಿಲೆ, ಜಗಳ ಎಲ್ಲವೂ ಬರುತ್ತವೆ. ಹಬೀಬ್ ಆದವರು ಯಾರೇ ಆಗಿರಲಿ, ರಂಜಾನ್ ಹಬ್ಬಕ್ಕೆ ಅಂಗಡಿ ಮುಚ್ಚಿ ಎಲ್ಲರಿಗೂ ಸುರ್‌ಕುಂಬಾ ಪಾಯಸ ಹಂಚಬೇಕು. ಪದ್ಮಾಬಾಯಿ ಆದವರು ಭಾನುವಾರ ಚರ್ಚಿಗೆ ಹೋಗುವವರಾದರೂ ಶ್ರಾವಣದ ಶುಕ್ರವಾರ ಜ್ಯೂಸ್ ಕೌಂಟರಿನ ಮೇಲೆ ಕಳಶ ಇಡಬೇಕು. ಕೌಂಟರ್ ದಾಟಿ ಆಚೆ ಬಂದವರನ್ನು ಹೆಸರು ಹೊತ್ತವರು ಎಲ್ಲೇ ಕಂಡರೂ ಗುರುತಿಸುವ ಹಾಗಿಲ್ಲ. ಹಾಗಂತ ಮರ್ಯಾದೆಗೆ ಕೊರತೆ ಮಾಡುವುದಿಲ್ಲ. ಗಿರಾಕಿಯನ್ನು ನೋಡಿದ ಹಾಗೆ ನೋಡಿ, "ಏನ್ ಬೇಕಿತ್ತು?" ಅನ್ನುತ್ತಾರೆ.

ನಾನು ಹುಟ್ಟುವ ಮುಂಚೆ ಮಾಲಿನಲ್ಲಿ ನೂರಾ ಇಪ್ಪತ್ತು ಅಂಗಡಿಗಳಿದ್ದವಂತೆ. ಎಸ್ಕಲೇಟರ್ ನೋಡುವುದಕ್ಕೇ ಸುತ್ತಲ ಊರಿನವರು ಟ್ರ್ಯಾಕ್ಟರ್ ಮಾಡಿಕೊಂಡು ಬರುತ್ತಿದ್ದರಂತೆ. ಕಾಲಿಡುವ ಮೊದಲು ಚಪ್ಪಲಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಮೇಲೆ ಮುಟ್ಟಿದ ಮೇಲೆ ಮತ್ತೆ ಹಾಕಿಕೊಳ್ಳುತ್ತಿದ್ದರಂತೆ. ಮೂರನೇ ಭಾರ್ಗವ ಬಂದಾಗ ಮುಖವಾಗಲು ಬಂದವರ ಸಾಲು ಬಸ್ ಸ್ಟ್ಯಾಂಡಿನವರೆಗೆ ಇತ್ತಂತೆ. ನನ್ನ ಕಾಲಕ್ಕೆ ಉಳಿದದ್ದು ಹತ್ತು ಅಂಗಡಿ. ಎಸ್ಕಲೇಟರ್ ನಿಂತು ಮೆಟ್ಟಿಲಾಗಿತ್ತು. ಬೇಸಿಗೆಯಲ್ಲಿ ಅದರ ಮೇಲೆ ಹಪ್ಪಳ ಒಣಗುತ್ತಿತ್ತು. ಗಾಜಿನ ಲಿಫ್ಟಿನಲ್ಲಿ ಕೇರ್‌ಟೇಕರ್ ಸೆಲ್ವರಾಜ್ ಮನಿಪ್ಲಾಂಟ್ ಬೆಳೆಸಿದ್ದ. ನೀರಿಲ್ಲದ ಕಾರಂಜಿಯಲ್ಲಿ ಪ್ಲಾಸ್ಟಿಕ್ ಮೀನುಗಳು ಮಗ್ಗುಲಾಗಿ ಬಿದ್ದಿದ್ದವು. ಹತ್ತು ಶಟರ್ ಎದ್ದಿರುವವರೆಗೆ ಮಾಲೀಕರು ಕರೆಂಟ್ ತೆಗೆಯುವ ಹಾಗಿಲ್ಲ ಎಂದು ಹಳೆಯ ಕರಾರಿತ್ತು. ಸೆಲ್ವರಾಜ್ ದಿನಾ ಹನ್ನೆರಡಕ್ಕೆ ಕೆಳಗಿನಿಂದ ಮೇಲಿನವರೆಗೆ ನಡೆದು ಶಟರ್ ಎಣಿಸುತ್ತಿದ್ದ. ಒಂಬತ್ತಾದರೆ ಕತ್ತಲೆ.

ಹಾಸ್ಟೆಲ್ಲಿನಲ್ಲಿ ಭಾರ್ಗವನ ಸಿನಿಮಾಗಳನ್ನು ನಾವು ಬಹಳ ಗಂಭೀರವಾಗಿ ಚರ್ಚಿಸುತ್ತಿದ್ದೆವು. ಮೊದಲನೆಯವನು ಓಡುವ ರೈಲಿನಿಂದ ಕುದುರೆಯ ಮೇಲೆ ಹಾರಿದ್ದ. ಎರಡನೆಯವನಿಗೆ ಬರೀ ತಮಾಷೆ. ಮೂರನೆಯವನು ಹತ್ತೊಂಬತ್ತು ವರ್ಷ ಇದ್ದ, ಐದು ಸಿನಿಮಾ ಮಾಡಿದ, ಒಮ್ಮೆಯೂ ನಗಲಿಲ್ಲ. ಕೊನೆಯದರಲ್ಲಿ ಅಣೆಕಟ್ಟಿನ ಮೇಲೆ ಸತ್ತ. ಸತ್ತಾಗ ಯಾರೂ ಅಳಲಿಲ್ಲ. ಇನ್ನೊಬ್ಬ ಬರುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಹೊಸಬ ಬಂದಾಗಲೆಲ್ಲ ಕಥೆ ಮೊದಲಿನಿಂದ. ಮತ್ತೆ ಅದೇ ಕಚೇರಿ, ಅದೇ ಪ್ರಮಾಣವಚನ, ಭಾರ್ಗವ ಎಂದೂ ಬಿಚ್ಚದ ಆ ಕೈಗಡಿಯಾರ ಅವನಿಗೆ ಹೇಗೆ ಬಂತು ಎಂದು ಅರ್ಧ ಗಂಟೆ. ಅದು ಯಾರಿಗೂ ಬೇಕಿರುವುದಿಲ್ಲ. ನನಗೆ ಸಿಟ್ಟು ಬರುತ್ತಿದ್ದದ್ದು ಬೇರೆ ವಿಷಯಕ್ಕೆ. ಕಚೇರಿಯ ಮುಖ್ಯಸ್ಥೆಯಾಗಿ ನಟಿಸುವಾಕೆ ಮಾತ್ರ ಬದಲಾಗುವುದಿಲ್ಲ. ಹಿಂದಿನ ಸಿನಿಮಾದಲ್ಲಿ ಭಾರ್ಗವನ ಹೆಣಕ್ಕೆ ಹೂವಿಟ್ಟವಳು ಈಗ ಅವನ ಎದುರು ಕೂತು "ನಿನ್ನ ಹೆಸರೇನು?" ಎಂದು ಹೇಗೆ ಕೇಳುತ್ತಾಳೆ?

"ಸಂಬಳ ಕೊಟ್ಟರೆ ಕೇಳ್ತಾಳೆ," ಎಂದಿದ್ದರು ವಾರ್ಡನ್ ಸುಲೋಚನಾ ಮೇಡಂ. "ನೀನು ಮೊದಲು ನಿನ್ನ ದಾರಿ ನೋಡು. ಇಪ್ಪತ್ತೆರಡು ತುಂಬಿದವರನ್ನ ಇಟ್ಕೊಳೋ ಹಾಗಿಲ್ಲ. ಲೈಬ್ರರಿ ಪುಸ್ತಕಕ್ಕೆ ರಟ್ಟು ಹಾಕ್ತಾಳೆ ಅಂತ ಐದು ತಿಂಗಳು ದಬ್ಬಿದೀನಿ. ಪುಸ್ತಕಾನೂ ಮುಗೀತು."

ಆಗಲೇ ಹಾಸ್ಟೆಲ್ಲಿನ ನೋಟಿಸ್ ಬೋರ್ಡಿನಲ್ಲಿ ಚೀಟಿ ಕಂಡಿದ್ದು. 'ಹಬೀಬ್ ವಾಚ್ ರಿಪೇರಿ. ಮುಖ ಬೇಕಾಗಿದೆ. ಕಣ್ಣು ಚೆನ್ನಾಗಿರಬೇಕು.' ನನ್ನ ಕಣ್ಣು ಚೆನ್ನಾಗಿತ್ತು. ಅಂಗಡಿಯ ಹಿಂದೆ ಮಲಗಲು ಒಂದು ಗೂಡು ಇರುತ್ತದೆ ಎಂದೂ ಗೊತ್ತಿತ್ತು. ಹೋದೆ.

ಮೂರನೇ ಹಬೀಬ್‌ಗೆ ಆಗ ಅರವತ್ತೆರಡು ವರ್ಷ. ತೆಳ್ಳಗೆ, ಎತ್ತರಕ್ಕೆ, ಎಡಗಾಲು ಸ್ವಲ್ಪ ಎಳೆದುಕೊಂಡು ನಡೆಯುವವರು. ಕೈ ನಡುಗಲು ಶುರುವಾಗಿತ್ತು. ಗಡಿಯಾರದ ಸ್ಕ್ರೂ ಎಳ್ಳಿನಷ್ಟಿರುತ್ತದೆ, ನಡುಗುವ ಕೈಗೆ ಅದು ಸಿಗುವುದಿಲ್ಲ. ಮೂರು ತಿಂಗಳು ನನಗೆ ಕೆಲಸ ಕಲಿಸಿದರು. ಹೆಚ್ಚು ಮಾತಿನವರಲ್ಲ. ಒಂದು ಪಾಠವನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದರು. "ಗಿರಾಕಿ ಮುಖ ನೋಡಬೇಡ, ಮಣಿಕಟ್ಟು ನೋಡು. ವರ್ಷಗಟ್ಟಲೆ ವಾಚ್ ಕಟ್ಟಿದ ಕಡೆ ಚರ್ಮ ಬೆಳ್ಳಗೆ ಉಳಿದಿರುತ್ತೆ. ಗಡ್ಡ ಬಿಟ್ಟರೂ, ಬೋಳಿಸಿದರೂ ಆ ಪಟ್ಟಿ ಬದಲಾಗಲ್ಲ."

ಮಧ್ಯಾಹ್ನ ಒಂದೂವರೆಗೆ ಅವರು ಡಬ್ಬಿ ಹಿಡಿದು ಕಾರಂಜಿಯ ಪಕ್ಕದ ಬೆಂಚಿಗೆ ಹೋಗುತ್ತಿದ್ದರು. ಎದುರಿನ ಜ್ಯೂಸ್ ಅಂಗಡಿಯಿಂದ ಪದ್ಮಾಬಾಯಿ ಬರುತ್ತಿದ್ದಳು. ಇಬ್ಬರೂ ಮೂರನೇ ಭಾರ್ಗವ ಬಂದ ದಿನ, ಒಂದೇ ಇಂಟರ್ವಲ್ಲಿನಲ್ಲಿ ಹೆಸರು ಹೊತ್ತವರು. ಹತ್ತೊಂಬತ್ತು ವರ್ಷ ಅದೇ ಬೆಂಚಿನಲ್ಲಿ ಊಟ. ಅವಳು ಡಬ್ಬಿ ಬಿಚ್ಚುತ್ತಲೇ "ಮೊಣಕಾಲು ಹೇಗಿದೆ, ಹಬೀಬ್?" ಎಂದು ಕೇಳುವಳು. ಅವರು "ನಿನ್ನೆಗಿಂತ ವಾಸಿ" ಅಥವಾ "ಮೋಡ ಇದೆಯಲ್ಲ, ಹಿಡ್ಕೊಂಡಿದೆ" ಎನ್ನುವರು. ಅಷ್ಟೇ. ಮಿಕ್ಕಂತೆ ಅವಳು ಮಾತಾಡುತ್ತಿದ್ದಳು, ಅವರು ತಿನ್ನುತ್ತಿದ್ದರು. ನನ್ನನ್ನು ಕೆಲಸ ಕಲಿಯಲು ಬಂದ ಹುಡುಗಿ ಎಂದುಕೊಂಡು ದಿನಾ ಒಂದು ಲೋಟ ಮೋಸಂಬಿ ರಸ ಕೊಡುತ್ತಿದ್ದಳು, ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು. ಚೀಟಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅವರು ಹೇಳಿರಲಿಲ್ಲ. ತಪ್ಪು ಅದೇ.

ಮೊದಲ ಆಟದ ಇಂಟರ್ವಲ್ ಗಂಟೆ ಹೊಡೆಯಿತು. ಈ ಸಲ ಹೊಸ ಮುಖ ಸಿಕ್ಕಿದ್ದು ಎರಡೇ ಅಂಗಡಿಗೆ, ಜೆರಾಕ್ಸ್ ಲಿಂಗರಾಜುವಿಗೆ ಮತ್ತು ಹಬೀಬ್‌ಗೆ. ಯಾರೂ ಸಿಗದಿದ್ದರೆ ಹಳೇ ಮುಖವೇ ಮುಂದುವರಿಯಬಹುದು. ಉಳಿದ ಎಂಟು ಅಂಗಡಿಯವರು ಹಾಗೇ ಮುಂದುವರಿದರು. ಮೂರನೇ ಹಬೀಬ್ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದು ಒರೆಸಿ ನನ್ನ ಕೈಗಿಟ್ಟರು. "ಎಡ ಮೊಣಕಾಲು. ಕೇಳ್ತಾರೆ. ಏನಾದರೂ ಉತ್ತರ ಇಟ್ಕೊಂಡಿರು," ಎಂದರು.

"ಪದ್ಮಾಬಾಯಿಗೆ ಹೇಳಿದ್ರಾ?"

"ಹೇಳೋದೇನು? ಮಾಲೇ ಸತ್ತಿದೆ. ಈಗ ಯಾರು ನೋಡ್ತಾರೆ ಈ ಕಟ್ಟಳೆಯೆಲ್ಲ? ನಾನು ಡಬ್ಬಿ ತಗೊಂಡು ಬಂದು ಅಲ್ಲೇ ಕೂತರೆ ಯಾರು ಬೇಡ ಅಂತಾರೆ?"

ಎರಡನೇ ಗಂಟೆ ಹೊಡೆಯಿತು. ಅವರು ಕೌಂಟರಿನ ಹಲಗೆ ಎತ್ತಿ ಆಚೆ ಹೋದರು. ಹೊಸ ಮುಖ ಆಡಬೇಕಾದ ಮೊದಲ ಮಾತನ್ನು ನಾನು ಆಡಿದೆ. "ಏನ್ ಬೇಕಿತ್ತು?"

"ಏನಿಲ್ಲ," ಎಂದು ಅವರು ನಗುತ್ತಾ ಬೆಂಚಿನ ಕಡೆ ಹೋದರು.

ಆಗ ಬೆಂಚಿನ ಹತ್ತಿರ ಪದ್ಮಾಬಾಯಿ, ಬಳೆ ಅಂಗಡಿಯ ಸಾವಂತ್ರಿ, ಇನ್ನೂ ಮೂರು ನಾಲ್ಕು ಜನ ನಿಂತಿದ್ದರು. ಹಳಬರು ಹೋಗಿ ಬೆಂಚಿನ ಮೇಲೆ ಕೂತರು. ಎಲ್ಲರೂ ಅವರನ್ನು ನೋಡಿದರು, ನನ್ನನ್ನು ನೋಡಿದರು. ಸಾವಂತ್ರಿ ತುಂಬಾ ಮೆದುವಾಗಿ, "ಏನ್ ಬೇಕಿತ್ತು, ಯಜಮಾನ್ರೇ? ಇದು ಅಂಗಡಿಯೋರು ಕೂರೋ ಜಾಗ," ಎಂದಳು. ಅವರು ಎದ್ದರು. ಪದ್ಮಾಬಾಯಿ ಜ್ಯೂಸ್ ಕೌಂಟರಿಗೆ ಹೋಗಿ ಮಿಕ್ಸಿ ಹಾಕಿದಳು. ಮಿಕ್ಸಿಯಲ್ಲಿ ಹಣ್ಣಿರಲಿಲ್ಲ, ಬರೀ ಸದ್ದು.

ಬದುಕಿರುವ ಮಾಲಿನಲ್ಲಿ ಕಟ್ಟಳೆ ಮುರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸಾಯುತ್ತಿರುವ ಮಾಲಿನಲ್ಲಿ ಜನಕ್ಕೆ ಹಿಡಿದುಕೊಳ್ಳಲು ಅದೊಂದೇ ಇರುತ್ತದೆ. ಇದು ಅವರಿಗೆ ಹೊಳೆದಿರಲಿಲ್ಲ.

ಹೊಸ ಮುಖವನ್ನು ನಲವತ್ತು ದಿನದೊಳಗೆ ಉಳಿದ ಒಂಬತ್ತು ಅಂಗಡಿಯವರೂ ಹೆಸರು ಹಿಡಿದು ಕರೆಯಬೇಕು. ಸೆಲ್ವರಾಜ್ ಕಿವಿಯಾರೆ ಕೇಳಿ ಲಿಫ್ಟಿನ ಗಾಜಿನ ಮೇಲೆ ಸುಣ್ಣದಕಡ್ಡಿಯಲ್ಲಿ ಗೆರೆ ಎಳೆಯುತ್ತಾನೆ. ಒಂದು ಗೆರೆ ಕಮ್ಮಿಯಾದರೂ ಹೆಸರು ಸತ್ತ ಹಾಗೆ, ಶಟರ್ ಇಳಿದ ಹಾಗೆ. ವಾರದೊಳಗೆ ನನಗೆ ಎಂಟು ಗೆರೆ ಬಿದ್ದವು. ಸಾವಂತ್ರಿ ಮೊದಲ ದಿನವೇ "ಏನ್ ಹಬೀಬಣ್ಣ, ಮೊಣಕಾಲು ಹೆಂಗೈತಿ?" ಎಂದಳು. ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ. "ನಿನ್ನೆಗಿಂತ ವಾಸಿ," ಎಂದೆ. ಹೊಸ ಲಿಂಗರಾಜು, ನನ್ನಷ್ಟೇ ಹೊಸಬ, "ಹಬೀಬಣ್ಣ, ನನಗೂ ನಿನಗೂ ಏನಾದರೂ ಜಗಳ ಇದೆಯೇನಪ್ಪ? ಹಳಬ ಹೇಳೋದು ಮರೆತ," ಎಂದ. ಇಲ್ಲ ಎಂದೆ. ಅವನಿಗೂ ಒಂದು ಗೆರೆ, ನನಗೂ ಒಂದು.

ಪದ್ಮಾಬಾಯಿ ಮಾತ್ರ ನನ್ನನ್ನು ಹಳೇ ಹೆಸರು ಹಿಡಿದೇ ಕರೆದಳು. ದಿನಾ ಒಂದೂವರೆಗೆ ನಾನು ಡಬ್ಬಿ ಹಿಡಿದು ಬೆಂಚಿಗೆ ಹೋಗುತ್ತಿದ್ದೆ. ಅವಳು ಬರುತ್ತಿದ್ದಳು, ಪಕ್ಕದಲ್ಲಿ ಕೂರುತ್ತಿದ್ದಳು, ಮೋಸಂಬಿ ರಸ ಕೊಡುತ್ತಿದ್ದಳು. ಮೊಣಕಾಲಿನ ಮಾತಿಲ್ಲ. ಹಳೇ ಹೆಸರು ಕೇಳಲು ನನಗೆ ಹಿತವಾಗುತ್ತಿದ್ದದ್ದು ನಿಜ. ಆದರೆ ಅದರಿಂದ ಶಟರ್ ಏಳುವುದಿಲ್ಲ.

"ಒಂದು ಸಲ ಅನ್ನಿ ಸಾಕು," ಎಂದೆ ಹದಿನೈದನೇ ದಿನ. "ಸೆಲ್ವರಾಜ್ ಕೇಳಿಸ್ಕೊಂಡರೆ ಆಯ್ತು. ಆಮೇಲೆ ಏನಾದರೂ ಕರೀರಿ."

"ಬಾಯಿಗೆ ಬರಲ್ಲ ಕಣೇ."

"ನನಗೆ ಹೋಗೋಕೆ ಬೇರೆ ಜಾಗ ಇಲ್ಲ."

"ಗೊತ್ತು."

"ಕರೆಂಟ್ ಹೋದರೆ ನಿಮ್ಮ ಮಿಕ್ಸೀನೂ ನಿಲ್ಲುತ್ತೆ."

"ಕೈಯಲ್ಲಿ ಹಿಂಡ್ತೀನಿ."

"ನಿಮಗೆ ಯಾರ ಮೇಲೆ ಸಿಟ್ಟು? ನನ್ನ ಮೇಲಾ?"

ಅವಳು ಉಪ್ಪಿನಕಾಯಿಯ ಹೋಳನ್ನು ಬಾಯಿಗಿಟ್ಟು ಬೀಜ ಉಗಿದಳು. "ಹತ್ತೊಂಬತ್ತು ವರ್ಷ ಪಕ್ಕದಲ್ಲಿ ಕೂತು ತಿಂದ ಮನುಷ್ಯ ಕಣೇ. ನಾಳೆಯಿಂದ ಬರಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು? ಆ ಹೆಸರು ಕರೆದರೆ ಮೊದಲು ಅವನಿಗೆ ನಾಲ್ಕು ಬೈಬೇಕು. ಬೈಯೋಣ ಅಂದರೆ ಅವನು ಈಗ ಗಿರಾಕಿ. ಗಿರಾಕೀನ ಬೈಯೋಕಾಗುತ್ತಾ?"

ಆ ಗಿರಾಕಿ ದಿನಾ ಬರುತ್ತಿದ್ದರು. ಹತ್ತೂವರೆಗೆ ಸರಿಯಾಗಿ ನನ್ನ ಕೌಂಟರಿಗೆ ಬಂದು ನಿಂತುಹೋದ ಒಂದು ವಾಚು ಕೊಡುತ್ತಿದ್ದರು. ನಾನು ಬಿಚ್ಚಿ ನೋಡಿದರೆ ಅದು ಕೆಟ್ಟಿರುತ್ತಿರಲಿಲ್ಲ, ಸೆಲ್ಲು ತೆಗೆದಿರುತ್ತಿದ್ದರು. ಸೆಲ್ಲು ಹಾಕಿಕೊಡುತ್ತಿದ್ದೆ. ಅವರು ವಾಪಸು ತೆಗೆದುಕೊಂಡು, ಎದುರಿನ ಜ್ಯೂಸ್ ಅಂಗಡಿಗೆ ಹೋಗಿ ಒಂದು ಮೋಸಂಬಿ ಎನ್ನುತ್ತಿದ್ದರು. ಪದ್ಮಾಬಾಯಿ ಮುಖ ಎತ್ತದೆ ಕೊಡುತ್ತಿದ್ದಳು. ಅವರು ನಿಂತೇ ಕುಡಿಯುತ್ತಿದ್ದರು. ಗಿರಾಕಿಗಳಿಗೆ ಕೂರಲು ಕುರ್ಚಿ ಇಲ್ಲದೆ ಎಂಟು ವರ್ಷವಾಗಿತ್ತು. ಎಡಗಾಲಿನ ಭಾರವನ್ನೆಲ್ಲ ಬಲಗಾಲಿಗೆ ಹಾಕಿ ನಿಲ್ಲುತ್ತಿದ್ದರು. ಮಾಲಿನಲ್ಲಿ ಯಾರೂ ಅವರ ಮೊಣಕಾಲು ಕೇಳುತ್ತಿರಲಿಲ್ಲ, ಅದನ್ನು ನನ್ನನ್ನು ಕೇಳುತ್ತಿದ್ದರು.

ಮೂವತ್ತಾರನೇ ದಿನ ಬೆಳಿಗ್ಗೆ ಸೆಲ್ವರಾಜ್ ಲಿಫ್ಟಿನ ಗಿಡಕ್ಕೆ ನೀರು ಹಾಕುತ್ತಾ, "ಇನ್ನು ನಾಲ್ಕು ದಿನ ಹಬೀಬಣ್ಣ. ನಾನು ಗಿಡ ಎಲ್ಲಿಗೆ ಸಾಗಿಸಲಿ ಅಂತ ನೋಡ್ತಾ ಇದೀನಿ," ಎಂದ. ನಾನೂ ನನ್ನ ಟ್ರಂಕಿಗೆ ಬೀಗ ಹುಡುಕುತ್ತಿದ್ದೆ. ಆ ದಿನ ಗಿರಾಕಿಗಳಿರಲಿಲ್ಲ. ಶಟರ್ ಎತ್ತಿದ ಹಾಗೇ ಬಿಟ್ಟು ಮ್ಯಾಟಿನಿಗೆ ಹೋದೆ. ಸಾಮಾನ್ಯವಾಗಿ ಹೆಸರು ಹೊತ್ತವರು ಭಾರ್ಗವನ ಎರಡನೇ ಅರ್ಧ ನೋಡುವುದಿಲ್ಲ. ಮೊದಲ ದಿನ ಅವರಿಗೆ ಇಂಟರ್ವಲ್ಲಿಗೇ ಕೆಲಸ ಶುರುವಾಗುತ್ತದೆ, ಆಮೇಲೆ ಬೇಸರ. ಟಾಕೀಸಿನಲ್ಲಿ ಏಳು ಜನ ಇದ್ದರು, ಅದರಲ್ಲಿ ಇಬ್ಬರು ಮಲಗಿದ್ದರು.

ಸಿನಿಮಾ ನಾನು ಹೆದರಿದಷ್ಟು ಕೆಟ್ಟದಾಗಿರಲಿಲ್ಲ. ನಾಲ್ಕನೇ ಭಾರ್ಗವ ಓದಿದ ಹುಡುಗನ ಹಾಗಿದ್ದ, ಓಡುವಾಗ ಏದುಸಿರು ಬಿಡುತ್ತಿದ್ದ. ಇಂಟರ್ವಲ್ ಮುಗಿದು ಐದು ನಿಮಿಷಕ್ಕೆ ಒಂದು ರೈಲ್ವೆ ಸ್ಟೇಷನ್. ಕಿಟಕಿಯ ಹತ್ತಿರ ಚಹಾ ಮಾರುವವನೊಬ್ಬ ಬರುತ್ತಾನೆ. ಮಂಕಿ ಟೋಪಿ, ಬಿಳಿ ಗಡ್ಡ. ಲೋಟ ಕೊಡುತ್ತಾನೆ. ಭಾರ್ಗವ ಒಂದು ಗುಟುಕು ಕುಡಿಯುತ್ತಾನೆ. "ಸಕ್ಕರೆ ಸರಿ ಇದೆಯಾ ಸಾರ್?" "ಸರಿ ಇದೆ." ರೈಲು ಹೊರಡುತ್ತದೆ. ಅಷ್ಟೇ. ಆದರೆ ಲೋಟ ಕೊಡುವಾಗ ಅವನ ಅಂಗಿಯ ತೋಳು ಮೇಲೆ ಸರಿಯಿತು. ಮಣಿಕಟ್ಟಿನ ಮೇಲೆ ಅಗಲವಾದ ಬಿಳಿ ಪಟ್ಟಿ. ಐದು ಸಿನಿಮಾ ಪೂರ್ತಿ ಆ ಜಾಗದಲ್ಲಿ ಯಾವ ವಾಚಿತ್ತು ಎಂದು ನಮ್ಮೂರಿನ ಯಾವ ಮಗುವೂ ಹೇಳುತ್ತದೆ. ಹತ್ತೊಂಬತ್ತು ವರ್ಷ ಭಾರ್ಗವನಾಗಿದ್ದವನು ಚಹಾ ಮಾರುತ್ತಿದ್ದ. ಅವನಿಗೆ ಬೇರೆ ಪಾತ್ರ ಕೊಟ್ಟಿದ್ದರು, ಬೇರೆ ಹೆಸರು ಕೊಟ್ಟಿದ್ದರು. ಹೊಸಬನಿಗೆ ಚಹಾ ಕೊಟ್ಟು, ಸಕ್ಕರೆ ಕೇಳಿ, ರೈಲು ಹೋಗುವುದನ್ನು ನೋಡುತ್ತಾ ನಿಂತಿದ್ದ. ಮೊದಲ ಬಾರಿಗೆ ನಗುತ್ತಿದ್ದ.

ಮುಂದಿನ ಒಂದು ಗಂಟೆಯಲ್ಲಿ ಪರದೆಯ ಮೇಲೆ ಏನಾಯಿತೋ ನನಗೆ ತಿಳಿಯದು. ನಾನು ಮಾಲಿನ ಸತ್ತ ಹೆಸರುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದೆ. ಎಲ್ಲ ಬೋರ್ಡುಗಳನ್ನೂ ಕಿತ್ತು ಗುಜರಿಗೆ ಹಾಕಿಯಾಗಿತ್ತು. ಒಂದು ಮಾತ್ರ ಉಳಿದಿತ್ತು, ಏಣಿ ಸಿಗಲಿಲ್ಲ ಎಂದು ಸೆಲ್ವರಾಜ್ ಬಿಟ್ಟದ್ದು. ಬೋರ್ಡಿರುವವರೆಗೆ ಹೆಸರಿಗೆ ಜೀವ ಇರುತ್ತದೆ. 'ರಾಯಪ್ಪ ಪಾದರಕ್ಷೆ ಮಳಿಗೆ.' ಆರು ವರ್ಷದಿಂದ ಮುಚ್ಚಿತ್ತು. ಇದ್ದದ್ದು ಜ್ಯೂಸ್ ಅಂಗಡಿಯ ಎಡಪಕ್ಕಕ್ಕೆ, ಮಗ್ಗುಲಲ್ಲೇ.

ಅಡ್ಡಿ ಏನೆಂದರೆ ರಾಯಪ್ಪನಿಗೂ ಪದ್ಮಾಬಾಯಿಗೂ ಜಗಳವಿತ್ತು. ಮೊದಲನೇ ಪದ್ಮಾಬಾಯಿ ಹಣ್ಣು ತೊಳೆದ ನೀರು ಹರಿದು ಮೊದಲನೇ ರಾಯಪ್ಪನ ಅಂಗಡಿಗೆ ನುಗ್ಗಿ ಯಾರದೋ ಮದುವೆಯ ಜೋಡು ಹಾಳಾಗಿತ್ತಂತೆ. ಅಲ್ಲಿಂದ ಮೂರು ಮುಖ ಸವೆಯುವವರೆಗೆ ದಿನಾ ಬೈದಾಟ. ಕೊನೆಯ ರಾಯಪ್ಪ ವ್ಯಾಪಾರವಿಲ್ಲದೆ ಅಂಗಡಿ ಮುಚ್ಚಿ ಹೋದ ದಿನ ಪದ್ಮಾಬಾಯಿ ಊಟ ಬಿಟ್ಟಿದ್ದಳು ಎಂದು ಸಾವಂತ್ರಿ ಹೇಳುತ್ತಿದ್ದಳು. ಸಂತೋಷಕ್ಕೋ ದುಃಖಕ್ಕೋ ಅವಳಿಗೂ ಗೊತ್ತಿರಲಿಲ್ಲ.

ಮರುದಿನ ಹತ್ತೂವರೆಗೆ ಗಿರಾಕಿ ಬಂದರು. ವಾಚು ಕೌಂಟರಿನ ಮೇಲಿಟ್ಟರು.

"ಏನ್ ಬೇಕಿತ್ತು?" ಎಂದೆ.

"ನಿಂತುಹೋಗಿದೆ."

"ಯಜಮಾನ್ರೇ, ಆ ಚಪ್ಪಲಿ ಅಂಗಡಿಗೆ ಮುಖ ಬೇಕಂತೆ."

ಅವರು ತಿರುಗಿ ಬೋರ್ಡು ನೋಡಿದರು. ಬಹಳ ಹೊತ್ತು ನೋಡಿದರು. "ಹಳೇ ಮುಖ ಇನ್ನೊಂದು ಹೆಸರು ಹೊತ್ತದ್ದು ಎಲ್ಲೂ ಇಲ್ಲ."

"ಬೇಡ ಅಂದದ್ದೂ ಎಲ್ಲೂ ಇಲ್ಲ. ಮ್ಯಾಟಿನಿಗೆ ಹೋಗಿ, ಎರಡನೇ ಅರ್ಧ ನೋಡಿ. ರೈಲ್ವೆ ಸ್ಟೇಷನ್ ಬಂದಾಗ ಮುಖ ನೋಡಬೇಡಿ, ಮಣಿಕಟ್ಟು ನೋಡಿ."

"ರಾಯಪ್ಪನಾ?" ಅವರು ಧ್ವನಿ ತಗ್ಗಿಸಿದರು. "ಅವಳು ನನ್ನ ಮುಖಕ್ಕೆ ಸಿಪ್ಪೆ ಎಸೀತಾಳೆ."

"ಈಗ ಏನ್ ಎಸೀತಿದಾಳೆ?"

"ಏನೂ ಇಲ್ಲ."

"ಮತ್ತೆ?"

ಅವರು ಆ ದಿನ ಮೋಸಂಬಿ ಕುಡಿಯದೆ ಎಸ್ಕಲೇಟರ್ ಹತ್ತಿ ಮೇಲಕ್ಕೆ ಹೋದರು. ಒಂದೊಂದು ಮೆಟ್ಟಿಲಿಗೂ ಎಡಗಾಲನ್ನು ಆಮೇಲೆ ಎತ್ತಿಡುತ್ತಿದ್ದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ನಾನು ಬೀಗ ಕೊಂಡುಕೊಂಡೆ.

ನಲವತ್ತನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮಾಲಿನಲ್ಲಿ ಕಬ್ಬಿಣ ಹರಿದಂಥ ಸದ್ದಾಯಿತು. ಆರು ವರ್ಷದ ತುಕ್ಕು. ಪಾರಿವಾಳಗಳೆಲ್ಲ ಐದನೇ ಮಹಡಿಗೆ ಎದ್ದವು. ಜೆರಾಕ್ಸ್ ಲಿಂಗರಾಜು, ಸಾವಂತ್ರಿ, ಸೆಲ್ವರಾಜ್, ನಾನು ಎಲ್ಲರೂ ಓಡಿ ಬಂದೆವು. ರಾಯಪ್ಪ ಪಾದರಕ್ಷೆ ಮಳಿಗೆಯ ಶಟರ್ ಅರ್ಧಕ್ಕೆ ಎದ್ದು ಸಿಕ್ಕಿಕೊಂಡಿತ್ತು. ಅದರ ಕೆಳಗಿನಿಂದ ನನ್ನ ಹತ್ತೂವರೆಯ ಗಿರಾಕಿ ಬಗ್ಗಿ ಒಳಗೆ ಹೋದರು, ದೂಳು ಝಾಡಿಸಿ ಸ್ಟೂಲ್ ಹಾಕಿಕೊಂಡು ಕೂತರು. ಗಾಜಿನ ಕಪಾಟಿನಲ್ಲಿ ಪ್ರದರ್ಶನಕ್ಕಿಟ್ಟ ಹನ್ನೊಂದು ಚಪ್ಪಲಿಗಳು, ಎಲ್ಲವೂ ಎಡಗಾಲಿನವು. ಬಲಗಾಲಿನವು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ.

ಸೆಲ್ವರಾಜ್ ತಲೆ ಕೆರೆದುಕೊಂಡ. "ಇದು ಆಗುತ್ತಾ?"

"ಬೋರ್ಡ್ ಇದೆಯಲ್ಲ," ಎಂದೆ. "ಮುಖಾನೂ ಇದೆ."

"ಇಂಟರ್ವಲ್ ಮುಗಿದು ನಲವತ್ತು ದಿನ ಆಯ್ತು."

"ಅಲ್ಲಿ ಯಾರೂ ಕೌಂಟರಿಂದ ಆಚೆ ಬರಬೇಕಾಗಿರಲಿಲ್ಲ. ಅದಕ್ಕೆ ಯಾವ ಗಂಟೆ?"

ಅವನು ಯೋಚಿಸಿದ. ಬೆರಳಲ್ಲಿ ಶಟರ್‌ಗಳನ್ನು ಎಣಿಸಿದ. ಹನ್ನೊಂದು. ಆಮೇಲೆ ಅವನೂ ನಮ್ಮೆಲ್ಲರ ಹಾಗೆ ಪದ್ಮಾಬಾಯಿಯನ್ನು ನೋಡಿದ. ಅವಳು ಗುರುತಿಸದಿದ್ದರೆ ಏನು ಮಾಡಿಯೂ ಪ್ರಯೋಜನವಿಲ್ಲ.

ಪದ್ಮಾಬಾಯಿ ಕೌಂಟರಿನ ಹಿಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಪಕ್ಕದ ಅಂಗಡಿಯನ್ನು ನೋಡಿದಳು. ಬೋರ್ಡು ಓದಿದಳು, ತುಟಿ ಅಲುಗಿದ್ದು ಕಂಡಿತು. ಆಮೇಲೆ ಬಗ್ಗಿದಳು. ಮೋಸಂಬಿ ತೊಳೆದ ಬಕೆಟ್ಟನ್ನು ಎತ್ತಿಕೊಂಡು ಹೊರಗೆ ಬಂದು, ನೆಲದ ಮೇಲೆ ಪೂರ್ತಿ ಸುರಿದಳು. ಸಿಪ್ಪೆಗಳ ಸಮೇತ ನೀರು ಮೆಲ್ಲಗೆ ಹರಿದು, ಚಪ್ಪಲಿ ಅಂಗಡಿಯ ಹೊಸ್ತಿಲು ದಾಟಿ, ಸ್ಟೂಲಿನ ಕಾಲು ಮುಟ್ಟಿತು.

ಅವರು ಕಾಲು ಎತ್ತಿಕೊಂಡರು.  ಜೀವಮಾನದಲ್ಲಿ ಯಾರಿಗೂ ಬೈದವರಲ್ಲ. ಗಂಟಲು ಸರಿಮಾಡಿಕೊಂಡು, "ಕಣ್ಣು ಕಾಣಲ್ವೇನೇ?" ಎಂದರು. ಸ್ವಲ್ಪ ಮೆತ್ತಗಾಯಿತು ಎನಿಸಿರಬೇಕು, ಜೋರಾಗಿ, "ಅಂಗಡಿ ಅನ್ಕೊಂಡಿದೀಯೋ ಬಚ್ಚಲು ಅನ್ಕೊಂಡಿದೀಯೋ?" ಎಂದರು.

"ಕಾಣುತ್ತೆ ಕಣಯ್ಯ, ಚೆನ್ನಾಗೇ ಕಾಣುತ್ತೆ!" ಪದ್ಮಾಬಾಯಿಯ ಧ್ವನಿ ಮೂರು ಮಹಡಿ ಏರಿತು. "ಹೇಳದೆ ಕೇಳದೆ ಹೋಗೋದು, ಹೇಳದೆ ಕೇಳದೆ ಬಂದು ಪಕ್ಕದಲ್ಲಿ ಕೂರೋದು! ಛತ್ರ ಏನೋ ಇದು? ಒಂದು ಮಾತು ಹೇಳಿ ಹೋದರೆ ನಿನ್ನ ನಾಲಿಗೆ ಸವೆದುಹೋಗುತ್ತಿತ್ತಾ?"

"ನಾನು ರಾಯಪ್ಪ. ಆರು ವರ್ಷದ ಹಿಂದೆ ಹೋದದ್ದು."

"ಆರು ವರ್ಷದ್ದನ್ನೇ ಹೇಳ್ತಿರೋದು ನಾನೂ! ಬೇರೆ ಏನು ಹೇಳ್ತಿದೀನಿ ಅನ್ಕೊಂಡೆ?" ಅವಳು ಏದುಸಿರು ಬಿಡುತ್ತಾ ಸುತ್ತ ನೋಡಿದಳು. ಸಾಕ್ಷಿಗೆ ಯಾರಾದರೂ ಬೇಕಾಗಿತ್ತು. ಕಣ್ಣು ನನ್ನ ಮೇಲೆ ಬಿತ್ತು. "ನೋಡು ಹಬೀಬ್, ನೀನೇ ಹೇಳು. ದಿನಾ ಪಕ್ಕದಲ್ಲಿ ಕೂತು ತಿನ್ನೋನು ನೀನು. ಈ ರಾಯಪ್ಪ ಮಾಡಿದ್ದು ಸರೀನಾ?"

 ಸೆಲ್ವರಾಜ್ ಕಿವಿಯ ಸಂದಿಯಿಂದ ಸುಣ್ಣದಕಡ್ಡಿ ತೆಗೆದು ಲಿಫ್ಟಿನ ಕಡೆ ನಡೆದ.

"ಸರಿಯಲ್ಲ," ಎಂದೆ.

"ಕೇಳಿಸ್ತೇನಯ್ಯಾ?" ಎಂದಳು ರಾಯಪ್ಪನಿಗೆ. ರಾಯಪ್ಪ ಒದ್ದೆ ಸಿಪ್ಪೆಯೊಂದನ್ನು ಹೆಕ್ಕಿ ಅವಳ ಕಡೆ ಎಸೆದರು. ಗುರಿ ತಪ್ಪಿತು. ಕೈ ನಡುಗುತ್ತಿತ್ತಲ್ಲ.

ಇದಾಗಿ ಎರಡು ವರ್ಷವಾಯಿತು. ಮಾಲು ಸುಧಾರಿಸಿದೆ ಎಂದು ನಾನು ಹೇಳುವುದಿಲ್ಲ. ಹೋದ ಮಳೆಗಾಲ ಮೂರನೇ ಮಹಡಿಯ ಸೂರು ಉದುರಿತು. ಹೊಸ ಭಾರ್ಗವನಿಗೆ ಎರಡನೇ ಸಿನಿಮಾ ಸಿಗುವುದೇ ಅನುಮಾನ, ಹೆಂಗಸೊಬ್ಬಳನ್ನು ಹಾಕಿ ಮತ್ತೆ ಮೊದಲಿನಿಂದ ತೆಗೆಯುತ್ತಾರೆ ಎಂದು ಲಿಂಗರಾಜು ಎಲ್ಲೋ ಓದಿದ್ದಾನೆ. ರಾಯಪ್ಪನ ಅಂಗಡಿಯಲ್ಲಿ ಒಂದು ಜೊತೆ ಚಪ್ಪಲಿಯೂ ಮಾರಾಟವಾಗಿಲ್ಲ. ಒಂದು ಕಾಲಿಲ್ಲದ ಮುದುಕರೊಬ್ಬರು ಬಂದು ಒಂದು ಕೊಂಡರು, ಅಷ್ಟೇ. ಶಟರ್ ಮಾತ್ರ ಏಳುತ್ತದೆ. ಹನ್ನೊಂದು.

ಜಗಳ ದಿನಾ ಹನ್ನೊಂದಕ್ಕೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುತ್ತದೆ. ರಾಯಪ್ಪ ಈಗ ಚೆನ್ನಾಗಿ ಬೈಯುತ್ತಾರೆ, ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬರುತ್ತಾರೋ ಏನೋ. ಜಗಳದವರು ಒಂದು ಬೆಂಚಿನಲ್ಲಿ ಕೂರುವ ಹಾಗಿಲ್ಲ. ಆದ್ದರಿಂದ ಒಂದೂವರೆಗೆ ಅವರು ತಮ್ಮ ಸ್ಟೂಲಿನ ಮೇಲೆ ಡಬ್ಬಿ ಬಿಚ್ಚುತ್ತಾರೆ. ನಾನೂ ಪದ್ಮಾಬಾಯಿಯೂ ಕಾರಂಜಿಯ ಬೆಂಚಿನಲ್ಲಿ ಕೂರುತ್ತೇವೆ. ನಮಗೂ ಅವರಿಗೂ ನಡುವೆ ಆರೇಳು ಹೆಜ್ಜೆ. ಮಾತಾಡಿದರೆ ಕೇಳಿಸುತ್ತದೆ.

ಅವಳು ಅನ್ನ ಕಲಸುತ್ತಾ, ಆ ಕಡೆಗೆ ಬೆನ್ನು ಹಾಕಿ ಕೇಳುತ್ತಾಳೆ. "ಮೊಣಕಾಲು ಹೇಗಿದೆ, ಹಬೀಬ್?"

ನಾನು ಅವಳ ಭುಜದ ಮೇಲಿಂದ ಚಪ್ಪಲಿ ಅಂಗಡಿಯ ಕಡೆ ನೋಡುತ್ತೇನೆ. ರಾಯಪ್ಪ ಎಡಗಾಲನ್ನು ಹೇಗೆ ಚಾಚಿದ್ದಾರೆ, ಕೈ ಅದರ ಮೇಲಿದೆಯೋ ಇಲ್ಲವೋ, ಪಟ್ಟಿ ಕಟ್ಟಿದ್ದಾರೋ ಬಿಚ್ಚಿದ್ದಾರೋ, ಎಲ್ಲವನ್ನೂ ಸರಿಯಾಗಿ ನೋಡುತ್ತೇನೆ. ಆಮೇಲೆ ಉತ್ತರ ಹೇಳುತ್ತೇನೆ.

"ಮೆಟ್ಟಿಲು ಹತ್ತುವಾಗ ಸ್ವಲ್ಪ ಹಿಡಿಯುತ್ತೆ," ಎಂದೆ ಇವತ್ತು. "ನಿನ್ನೆಗಿಂತ ವಾಸಿ."